ಧಣಿಗೆ ಒಂಟಿತನ ಕಲಿಸಿದ್ದು

ಊರಿನ ಅರ್ಧ ಜನರ ಬಾಯಲ್ಲಿ ಅವನ ಕೆಲಸ ಇತ್ತು; ಅವನ ಹೆಸರು ಮಾತ್ರ ಯಾರ ಬಾಯಲ್ಲೂ ಇರಲಿಲ್ಲ. ದಂತವೈದ್ಯರು ಕಳಿಸಿದ ಅಚ್ಚುಗಳನ್ನು ಮುಂದಿಟ್ಟುಕೊಂಡು, ಮೇಣ ಕರಗಿಸಿ, ಹಲ್ಲು ಜೋಡಿಸಿ, ಉಜ್ಜಿ ಹೊಳಪು ಕೊಟ್ಟು ಕಟ್ಟುಹಲ್ಲಿನ ಸೆಟ್ಟು ಮಾಡಿಕೊಡುವುದು ಅವನ ಕಸುಬು. ಕ್ಲಿನಿಕ್ಕುಗಳಲ್ಲಿ ಅವನನ್ನು ‘ಹಲ್ಲು ಮೇಸ್ತ್ರಿ’ ಎನ್ನುತ್ತಿದ್ದರು. ಅದೇ ಸವೆದು ಬರೀ ‘ಮೇಸ್ತ್ರಿ’ ಆಗಿತ್ತು. ಒಂದು ದೊಡ್ಡ ಕಟ್ಟಡದ ಹಿಂಭಾಗದಲ್ಲಿ, ಪ್ಲಾಸ್ಟರ್ ಧೂಳು ಕೂತ ಒಂದೇ ಕಿಟಕಿಯ ಕೋಣೆಯಲ್ಲಿ ಅವನು ದಿನವಿಡೀ ಒಬ್ಬನೇ ಕೂತಿರುತ್ತಿದ್ದ. ತಾನು ಮಾಡಿದ ಹಲ್ಲು ಹಾಕಿಕೊಂಡು ಯಾರು ನಕ್ಕರು, ಯಾರು ಅದನ್ನು ತೆಗೆದು ಲೋಟದಲ್ಲಿಟ್ಟು ಬೈದರು, ಅವನಿಗೆ ತಿಳಿಯುತ್ತಿರಲಿಲ್ಲ. ಅವನ ಹತ್ತಿರ ಬರುತ್ತಿದ್ದದ್ದು ಬಾಯಿಗಳು ಮಾತ್ರ, ಅವೂ ಪ್ಲಾಸ್ಟರಿನವು.

ವಯಸ್ಸು ಐವತ್ತು ದಾಟಿತ್ತು. ಮದುವೆ ಆಗಿರಲಿಲ್ಲ. ಅವನ ಅಣ್ಣನಿಗೂ ಆಗಿರಲಿಲ್ಲ. ಮದುವೆಯ ವಯಸ್ಸಿನಲ್ಲಿ ಅಪ್ಪನ ಕಾಯಿಲೆ ಇತ್ತು, ಅದು ಮುಗಿಯುವಷ್ಟರಲ್ಲಿ ಅಮ್ಮನ ಕಾಯಿಲೆ ಶುರುವಾಯಿತು. ಎಲ್ಲ ಮುಗಿದು ಕನ್ನಡಿ ನೋಡಿಕೊಂಡಾಗ ಇಬ್ಬರ ತಲೆಯೂ ನರೆತಿತ್ತು. ಆಮೇಲೆ ಅಣ್ಣ ತಮ್ಮ ಇಬ್ಬರೇ ಒಂದು ಬಾಡಿಗೆ ಮನೆಯ ಮೇಲಂತಸ್ತಿನಲ್ಲಿ ಉಳಿದರು. ಅಣ್ಣ ಮನೆಯಲ್ಲೇ ಕೂತು ರೇಡಿಯೋ, ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುತ್ತಿದ್ದ. ಅವನು ಮಾತಿನ ಮಲ್ಲ. ಬಿಚ್ಚಿದ ಫ್ಯಾನಿನ ಹತ್ತಿರವೂ ಮಾತಾಡುತ್ತಿದ್ದ. ತಮ್ಮನದು ಹೂಂಗುಟ್ಟುವ ಕೆಲಸ. ಸಂಜೆ ಊಟದ ಹೊತ್ತಿಗೆ ಅಣ್ಣ ದಿನದ ಕತೆಯನ್ನೆಲ್ಲ ಹೇಳುತ್ತಿದ್ದ, ತಮ್ಮ ಹೂಂ, ಹೂಂ ಎನ್ನುತ್ತಿದ್ದ. ಇಷ್ಟರಲ್ಲಿ ಸಂಸಾರ ಸರಾಗವಾಗಿ ನಡೆದಿತ್ತು.

ನಾಯಿ ಬಂದದ್ದೂ ಅಣ್ಣನಿಂದಲೇ. ಯಾರೋ ಒಬ್ಬ ಗಿರಾಕಿ ಕೆಟ್ಟ ರೇಡಿಯೋ ಜೊತೆಗೆ ರಟ್ಟಿನ ಪೆಟ್ಟಿಗೆಯಲ್ಲಿ ಒಂದು ಮರಿಯನ್ನೂ ತಂದು, ಈಗ ಬಂದೆ ಎಂದು ಹೋದವನು ಎರಡಕ್ಕೂ ತಿರುಗಿ ಬರಲಿಲ್ಲ. ಕಂದು ಬಣ್ಣದ ಮರಿ, ಒಂದು ಕಿವಿ ನಿಮಿರಿದ್ದು, ಇನ್ನೊಂದು ಜೋತುಬಿದ್ದದ್ದು. ನಾವು ದುಡಿಯುವುದು, ಇವನು ಕೂತು ತಿನ್ನುವುದು, ಇನ್ನೇನೆಂದು ಕರೆಯುವುದು ಎನ್ನುತ್ತ ಅಣ್ಣ ಅದಕ್ಕೆ ‘ಧಣಿ’ ಎಂದು ಹೆಸರಿಟ್ಟ. ಧಣಿ ಅಣ್ಣನ ಕಾಲಬುಡದಲ್ಲೇ ಬೆಳೆಯಿತು. ಅಣ್ಣ ಸ್ಕ್ರೂ ತಿರುಗಿಸಿದರೆ ಅದು ನೋಡುತ್ತಿತ್ತು, ಅಣ್ಣ ಬಚ್ಚಲಿಗೆ ಹೋದರೆ ಬಾಗಿಲಲ್ಲಿ ಕಾಯುತ್ತಿತ್ತು. ಹುಟ್ಟಿದಂದಿನಿಂದ ಅದು ಒಂದು ಗಳಿಗೆಯೂ ಒಂಟಿಯಾಗಿ ಇದ್ದದ್ದಿಲ್ಲ. ಇದು ಯಾರಿಗೂ ಒಂದು ವಿಷಯ ಎನ್ನಿಸಿರಲಿಲ್ಲ.

ಅರವತ್ತರ ಹೊಸ್ತಿಲಲ್ಲಿ ಅಣ್ಣನಿಗೆ ಮದುವೆಯಾಯಿತು. ಪಕ್ಕದ ಊರಿನ ಒಬ್ಬ ನಿವೃತ್ತ ಶಾಲಾ ಶಿಕ್ಷಕಿ ತಮ್ಮ ತಂದೆಯ ಕಾಲದ ರೇಡಿಯೋ ರಿಪೇರಿಗೆ ತಂದಿದ್ದರು. ರೇಡಿಯೋ ಬೇಗ ಸರಿಹೋಯಿತು. ಆದರೆ ಮೇಲಿಂದ ಮೇಲೆ ಕೆಡತೊಡಗಿತು. ಕೆಡುತ್ತಿದ್ದದ್ದು ರೇಡಿಯೋ ಅಲ್ಲ ಎಂದು ಮೇಸ್ತ್ರಿಗೆ ಹೊಳೆಯುವ ಹೊತ್ತಿಗೆ ಅಲ್ಲಿ ಮಾತೆಲ್ಲ ಮುಗಿದಿತ್ತು. ಅಣ್ಣ ಕಾಲೇಜು ಹುಡುಗನ ಹಾಗೆ ನಾಚಿಕೊಂಡು ಹೇಳಿದ. ಮೇಸ್ತ್ರಿಗೆ ನಿಜವಾಗಿಯೂ ಸಂತೋಷವೇ ಆಯಿತು. ಅತ್ತಿಗೆಯಾಗಿ ಬರುವವರು ಒಳ್ಳೆಯವರು, ನಗುಮುಖದವರು. ಒಂದೇ ತೊಡಕು: ಅವರಿಗೆ ಉಬ್ಬಸ. ನಾಯಿಯ ಕೂದಲು ಗಾಳಿಯಲ್ಲಿದ್ದರೆ ಸಾಕು, ಉಸಿರು ಸಿಕ್ಕಿಕೊಳ್ಳುತ್ತಿತ್ತು. ಆದ್ದರಿಂದ ಅಣ್ಣ ಪಕ್ಕದ ಊರಿಗೆ ಅವರ ಮನೆಗೆ ಹೋಗುವುದು, ಧಣಿ ತಮ್ಮನ ಬಳಿ ಉಳಿಯುವುದು ಎಂದು ತೀರ್ಮಾನವಾಯಿತು.

ಹೋಗುವ ದಿನ ಅಣ್ಣ ನೆಲದ ಮೇಲೆ ಕೂತು ನಾಯಿಯನ್ನು ತಬ್ಬಿಕೊಂಡು ಅತ್ತ. ಅದರ ಎರಡು ಕಿವಿಗೂ ಮುತ್ತಿಟ್ಟು, ಬರ್ತೀನಿ ಕಣೋ ರಾಜ, ಬಂದೇ ಬರ್ತೀನಿ ಎಂದ. ಮೆಟ್ಟಿಲು ಇಳಿದವನು ಮತ್ತೆ ಹತ್ತಿ ಬಂದು ಇನ್ನೊಮ್ಮೆ ತಬ್ಬಿಕೊಂಡ. ತಮ್ಮನಿಗೆ ಮಾತ್ರ, ಗ್ಯಾಸ್ ಆಫ್ ಮಾಡೋದು ಮರೀಬೇಡ ಎಂದಷ್ಟೇ ಹೇಳಿದ. ಅಣ್ಣ ತಮ್ಮಂದಿರು ಅದಕ್ಕಿಂತ ಹೆಚ್ಚು ಹೇಳಿಕೊಳ್ಳುವ ರೂಢಿ ಆ ಮನೆಯಲ್ಲಿರಲಿಲ್ಲ.

ಮರುದಿನದಿಂದ ಶುರುವಾಯಿತು ನೋಡಿ. ಮೇಸ್ತ್ರಿ ಕೆಲಸಕ್ಕೆಂದು ಬೀಗ ಹಾಕಿಕೊಂಡು ಬೀದಿಯ ತಿರುವು ದಾಟುವುದರೊಳಗೆ ಧಣಿ ಊಳಿಡತೊಡಗಿತು. ಊಳು ನಿಂತರೆ ಬೊಗಳು, ಬೊಗಳು ನಿಂತರೆ ಬಾಗಿಲು ಕೆರೆಯುವುದು. ಅವನು ಸಂಜೆ ಬಂದಾಗ ಬಾಗಿಲಿನ ಕೆಳಗಿನ ಹಲಗೆ ನಾರುನಾರಾಗಿರುತ್ತಿತ್ತು, ದಿಂಬಿನ ಹತ್ತಿ ಮನೆ ತುಂಬ ಹಾರಾಡುತ್ತಿತ್ತು, ಬಟ್ಟಲಿನ ಊಟ ಮುಟ್ಟದೆ ಒಣಗಿರುತ್ತಿತ್ತು. ಅಣ್ಣನ ಹಳೆಯ ಚಪ್ಪಲಿಯನ್ನು ಮಾತ್ರ ಅದು ಕಡಿಯದೆ ತನ್ನ ಮುಂಗಾಲುಗಳ ನಡುವೆ ಇಟ್ಟುಕೊಂಡಿರುತ್ತಿತ್ತು. ಮೇಸ್ತ್ರಿ ಮೊದಲು ಗದರಿದ. ಆಮೇಲೆ ಪುಸಲಾಯಿಸಿದ. ಹೊರಡುವಾಗ ಅಣ್ಣನಂತೆಯೇ ತಬ್ಬಿಕೊಂಡು ಸಮಾಧಾನ ಹೇಳಿ ನೋಡಿದ. ಗದರಿದರೆ ಬಾಲ ಮುದುರಿಕೊಂಡು ಅಳುತ್ತಿತ್ತು, ತಬ್ಬಿಕೊಂಡರೆ ಇನ್ನೂ ಜೋರಾಗಿ ಅಳುತ್ತಿತ್ತು. ನಾಯಿಬಾಲವನ್ನು ನಳಿಗೆಗೆ ಹಾಕಿದವನ ಪಾಡಾಯಿತು ಅವನದು.

ಕೆಳಮನೆಯಲ್ಲಿ ಒಬ್ಬ ನರ್ಸ್ ಬಾಡಿಗೆಗಿದ್ದರು. ಯಾವುದೋ ಆಸ್ಪತ್ರೆಯಲ್ಲಿ ಅವರಿಗೆ ರಾತ್ರಿ ಪಾಳಿ, ಹಗಲೆಲ್ಲ ನಿದ್ದೆ. ಈಗ ಹಗಲೆಲ್ಲ ಊಳು. ಅವರು ಮೊದಲು ಮೇಲಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದರು, ಆಮೇಲೆ ಮನೆ ಓನರಿಗೆ ಹೇಳಿದರು. ಓನರ್ ಕೆಟ್ಟವನಲ್ಲ, ಆದರೆ ಎರಡು ಕಡೆಯ ಬಾಡಿಗೆಯ ನಡುವೆ ಸಿಕ್ಕಿಬಿದ್ದವನು. ಮೆಟ್ಟಿಲ ಬುಡದಲ್ಲಿ ಮೇಸ್ತ್ರಿಯನ್ನು ನಿಲ್ಲಿಸಿಕೊಂಡು, ತಿಂಗಳ ಕೊನೆಯವರೆಗೆ ನೋಡುತ್ತೇನೆ, ಆಮೇಲೂ ಹೀಗೇ ಆದರೆ ನಾಯಿಯನ್ನು ಎಲ್ಲಿಗಾದರೂ ಬಿಟ್ಟುಬನ್ನಿ ಎಂದ. ಬಿಟ್ಟುಬನ್ನಿ ಎಂಬ ಮಾತು ಮೇಸ್ತ್ರಿಯ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡಿತು. ಬಿಟ್ಟುಹೋದದ್ದು ಒಮ್ಮೆ ಆಗಿದೆ, ಅದಕ್ಕೇ ತಾನೆ ಇಷ್ಟೆಲ್ಲ.

ನಾಯಿ ಪಳಗಿಸುವ ಒಬ್ಬಾಕೆ ಇದ್ದಾರೆ, ಅವರನ್ನು ನೋಡಿ ಎಂದು ಪಶುವೈದ್ಯರು ಹೇಳಿದರು. ಪೊಲೀಸರ ನಾಯಿಗಳನ್ನು ಸಾಕಿ ಕಲಿಸಿ ನಿವೃತ್ತರಾದ ಹೆಂಗಸು. ಬೆಳಿಗ್ಗೆ ಒಂದು ಆಟದ ಮೈದಾನದ ಮೂಲೆಯಲ್ಲಿ, ಕೈಯಲ್ಲಿ ಒಂದು ಉದ್ದ ಹಗ್ಗ ಹಿಡಿದು ನಿಂತಿರುತ್ತಿದ್ದರು. ಎತ್ತರದ ಆಳು, ಮಾತು ಕಡಿಮೆ. ಧಣಿಯನ್ನು ಅವರು ಮುಟ್ಟಲೇ ಇಲ್ಲ. ಅದು ತಾನಾಗಿ ಬಂದು ಅವರ ಕೈ ಮೂಸುವವರೆಗೂ ಬೇರೆಲ್ಲೋ ನೋಡುತ್ತ ನಿಂತಿದ್ದರು. ಮೇಸ್ತ್ರಿ ತನ್ನ ಗೋಳನ್ನೆಲ್ಲ ಹೇಳಿ, ಇದು ಬಹಳ ಹಟಮಾರಿ ಮೇಡಂ ಎಂದ.

“ಹಟ ಅಲ್ಲ ಇದು, ಭಯ” ಎಂದರು ಆಕೆ. “ಬಾಗಿಲು ಮುಚ್ಚಿದ್ರೆ ಮತ್ತೆ ತೆಗಿಯುತ್ತೆ ಅನ್ನೋದು ಅದಕ್ಕೆ ಗೊತ್ತಿಲ್ಲ. ಒಂದ್ಸಲ ಮುಚ್ಚಿದ ಬಾಗಿಲಿಂದ ಹೋದೋರು ಬಂದಿಲ್ಲ, ಅಲ್ವಾ? ನೀವು ಅದಕ್ಕೆ ಒಂಟಿಯಾಗಿರೋದನ್ನ ಕಲಿಸ್ಬೇಕು. ಕೂರೋದು, ನಿಲ್ಲೋದು ಕಲಿಸ್ತೀವಲ್ಲ, ಹಾಗೇನೇ. ಯಾರೂ ಹುಟ್ತಾನೇ ಕಲಿತುಕೊಂಡು ಬರಲ್ಲ.”

ಕಲಿಸುವುದು ಹೇಗೆಂದೂ ಅವರು ಹೇಳಿಕೊಟ್ಟರು. ಮೊದಲು ನಾಯಿಗೆ ಅದರದೇ ಆದ ಒಂದು ಜಾಗ ಬೇಕು. ಒಂದು ಚಾಪೆ ಹಾಸಿ, ಅದರ ಮೇಲೆ ಮಲಗಿದಾಗೆಲ್ಲ ತಿನ್ನಲು ಒಂದು ತುಣುಕು ಕೊಡಬೇಕು. ಕೊಡುವುದನ್ನು ಆ ಕ್ಷಣದಲ್ಲೇ ಕೊಡಬೇಕು, ತಡಮಾಡಿ ಕೊಟ್ಟರೆ ಯಾತಕ್ಕೆ ಕೊಟ್ಟರೆಂದು ಅದಕ್ಕೆ ತಿಳಿಯುವುದಿಲ್ಲ. ಹೇಳುವ ಮಾತನ್ನು ಒಂದೇ ಸಲ ಹೇಳಬೇಕು; ಹತ್ತು ಸಲ ಹೇಳಿದರೆ ಹತ್ತನೆಯ ಸಲ ಕೇಳಿದರಾಯಿತು ಎಂದು ಅದು ಕಲಿಯುತ್ತದೆ. ಬೆಳಿಗ್ಗೆ ಹೊರಡುವ ಮುಂಚೆ ಚೆನ್ನಾಗಿ ಸುತ್ತಾಡಿಸಿ ದಣಿಸಬೇಕು. ದಿನದಲ್ಲಿ ಎಷ್ಟೋ ಸಲ ಶೂ ಹಾಕಿಕೊಂಡು ಎಲ್ಲಿಗೂ ಹೋಗದೆ ಕೂರಬೇಕು, ಬೀಗದ ಕೈ ಎತ್ತಿಕೊಂಡು ಮತ್ತೆ ಇಡಬೇಕು. ಆಮೇಲೆ ಬಾಗಿಲಾಚೆ ಹೋಗಿ, ಅದು ಹೆದರುವ ಮೊದಲೇ ಒಳಗೆ ಬರಬೇಕು. ಒಂದು ಉಸಿರಿನಷ್ಟು ಹೊತ್ತು ಸಾಕು. ನಂತರ ಎರಡು ಉಸಿರು. ಹೋಗುವಾಗ ತಬ್ಬಿಕೊಳ್ಳುವುದು ಬೇಡ, ಬಂದಾಗ ಸಂಭ್ರಮ ಬೇಡ. ಹೋಗುವುದು ಬರುವುದು ಎರಡೂ ದೊಡ್ಡ ಸಂಗತಿಯಲ್ಲ ಎಂದು ನಮ್ಮ ಮೈಯೇ ಅದಕ್ಕೆ ಹೇಳಬೇಕು. ಇಷ್ಟು ಹೇಳಿ ಆಕೆ, ನಿಮಗೆ ಇದು ಬರುತ್ತಾ ಎಂಬಂತೆ ಅವನ ಮುಖ ನೋಡಿದರು. ಮೇಸ್ತ್ರಿ ಹೂಂ ಎಂದ.

ದಂತವೈದ್ಯರಿಗೆ ಹೇಳಿ ಕೆಲಸವನ್ನು ಮನೆಗೇ ತಂದುಕೊಂಡ. ಉಜ್ಜುವ ಯಂತ್ರವೊಂದನ್ನು ಬಿಟ್ಟು ಮಿಕ್ಕಿದ್ದು ಮನೆಯಲ್ಲೂ ಆಗುತ್ತಿತ್ತು; ಉಜ್ಜುವ ದಿನ ಧಣಿಯನ್ನೂ ಕೋಣೆಗೆ ಕರೆದೊಯ್ಯುತ್ತಿದ್ದ. ಅಡುಗೆಮನೆಯ ಮೇಜಿನ ಮೇಲೆ ಗುಲಾಬಿ ಬಣ್ಣದ ವಸಡುಗಳು ಸಾಲಾಗಿ ಕೂತವು. ನಡುನಡುವೆ ಎದ್ದು, ಶೂ ಹಾಕಿ, ಬೀಗದ ಕೈ ತೆಗೆದುಕೊಂಡು, ಮತ್ತೆ ಬಂದು ಕೂರುತ್ತಿದ್ದ. ಧಣಿ ಮೊದಮೊದಲು ಪ್ರತಿ ಸಲವೂ ನೆಗೆದು ಬಾಗಿಲಿಗೆ ಓಡುತ್ತಿತ್ತು. ಆಮೇಲಾಮೇಲೆ ತಲೆ ಮಾತ್ರ ಎತ್ತತೊಡಗಿತು. ಕೊನೆಗೆ ಈ ಮುದುಕನಿಗೆ ಏನೋ ಆಗಿದೆ ಎನ್ನುವಂತೆ ಒಂದು ಕಣ್ಣು ತೆರೆದು ಮುಚ್ಚತೊಡಗಿತು. ಬಾಗಿಲಾಚೆ ಹೋಗುವುದು ಶುರುವಾದ ಮೇಲೆ ಅವನು ಮೆಟ್ಟಿಲ ಮೇಲೆ, ಸ್ವಂತ ಮನೆಗೇ ಕನ್ನ ಹಾಕಲು ಬಂದ ಕಳ್ಳನಂತೆ ಉಸಿರು ಬಿಗಿಹಿಡಿದು ಕೂರುತ್ತಿದ್ದ. ಓನರಿನ ಹೆಂಡತಿ ನೋಡಿ, ಪಾಪ, ಅಣ್ಣ ಹೋದ ಮೇಲೆ ತಲೆ ಕೆಟ್ಟಿದೆ ಎಂದು ಎಲ್ಲರಿಗೂ ಹೇಳಿದಳು.

ಒಂದು ಮಧ್ಯಾಹ್ನ ಕೆಳಮನೆಯ ಬಾಗಿಲು ತೆರೆಯಿತು. ನರ್ಸ್ ಕೆದರಿದ ತಲೆಯಲ್ಲಿ, ನಿದ್ದೆಗಣ್ಣಿನಲ್ಲಿ ನಿಂತಿದ್ದರು. ಜಗಳಕ್ಕೇ ಬಂದಿದ್ದಾರೆ ಎಂದುಕೊಂಡು ಮೇಸ್ತ್ರಿ ಎದ್ದು ನಿಂತ. ಅವರು ಇಲ್ಲಿ ಯಾಕೆ ಕೂರುತ್ತೀರಿ ಎಂದು ಕೇಳಿದರು. ಅವನು ತಡವರಿಸುತ್ತ, ಪಿಸುಮಾತಿನಲ್ಲಿ, ಮೈದಾನದ ಮೇಡಂ ಹೇಳಿದ್ದನ್ನೆಲ್ಲ ಹೇಳಿದ. ಅದು ಒಳಗೆ ಏನು ಮಾಡುತ್ತಿದೆ ಎಂಬುದು ತನಗೆ ಕಾಣುವುದಿಲ್ಲ, ಊಳಿಟ್ಟ ಮೇಲಷ್ಟೇ ಗೊತ್ತಾಗುತ್ತದೆ, ಅಷ್ಟರಲ್ಲಿ ತಡವಾಗಿರುತ್ತದೆ ಎಂದ.

“ನನಗೆ ಗೊತ್ತಾಗುತ್ತೆ” ಎಂದರು ನರ್ಸ್. “ನನ್ನ ಮಂಚ ಸರಿಯಾಗಿ ಅದರ ಕೆಳಗೇ ಇದೆ. ಊಳಿಡೋಕೆ ಮುಂಚೆ ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಡುತ್ತೆ. ಉಗುರಿನ ಸದ್ದು ಟಕಟಕ ಅಂತ ಕೇಳುತ್ತೆ.”

ಅವರು ಬಾಗಿಲು ತೆರೆದಿಟ್ಟುಕೊಂಡು ಒಳಗೆ ಕುರ್ಚಿಯಲ್ಲಿ ಕೂತರು, ಅವನು ಹೊರಗೆ ಮೆಟ್ಟಿಲಲ್ಲಿ ಕೂತ. ಅವರು ತಲೆಯೆತ್ತಿ ಛಾವಣಿ ನೋಡುತ್ತ ಮೆಲ್ಲಗೆ ಹೇಳುತ್ತಿದ್ದರು: ಈಗ ಬಾಗಿಲ ಹತ್ತಿರ ಇದೆ, ಈಗ ಮಲಗಿತು, ಈಗ ಎದ್ದಿತು, ಹೋಗಿ, ಹೋಗಿ. ಅವನು ಓಡಿ ಮೆಟ್ಟಿಲು ಹತ್ತಿ, ಬಾಗಿಲ ಮುಂದೆ ಒಂದು ಗಳಿಗೆ ನಿಂತು, ಓಡಿ ಬಂದದ್ದು ತೋರಿಸಿಕೊಳ್ಳದೆ ನಿಧಾನವಾಗಿ ಒಳಗೆ ಹೋಗುತ್ತಿದ್ದ.

ಹೀಗೆ ದಿನವೂ ನಡೆಯಿತು. ಅವರ ನಿದ್ದೆಯ ಹೊತ್ತಿನಲ್ಲಿ ಅದೊಂದು ಪಾಲು ಹೋಗುತ್ತಿತ್ತು. ಹೇಗೂ ನಿದ್ದೆ ಇಲ್ಲವಲ್ಲ, ಕೂತು ಶಾಪ ಹಾಕುವುದಕ್ಕಿಂತ ಇದೇ ವಾಸಿ ಎಂದರು ಅವರು. ನಾಯಿ ಮಲಗಿದ ಹೊತ್ತಿನಲ್ಲಿ ಸ್ವಲ್ಪ ಮಾತೂ ಆಗುತ್ತಿತ್ತು. ಅವರ ಗಂಡ ಹಡಗಿನಲ್ಲಿ ಅಡುಗೆಯವನು, ವರ್ಷಕ್ಕೊಮ್ಮೆ ಬರುವವನು. ಬಂದ ಮೊದಲ ವಾರ ಅವನು ಅವರಿಗೆ ನೆಂಟನಂತೆ ಕಾಣುತ್ತಾನಂತೆ, ಮನೆಯವನು ಎನಿಸುವಷ್ಟರಲ್ಲಿ ಹೊರಟಿರುತ್ತಾನಂತೆ. ಇದನ್ನು ಅವರು ದೂರಿನ ಹಾಗೆ ಹೇಳಲಿಲ್ಲ. ಹೊರಗೆ ಮೋಡ ಇದೆ ಎನ್ನುವ ಹಾಗೆ ಹೇಳಿದರು. ಒಂದು ದಿನ ಛಾವಣಿಯನ್ನೇ ನೋಡುತ್ತಿದ್ದವರು ಇದ್ದಕ್ಕಿದ್ದಂತೆ ಕೇಳಿದರು:

“ನೀವು ನಿಂತ್ಕೊಂಡೇ ಊಟ ಮಾಡ್ತೀರ, ಅಲ್ವಾ?”

ಮೇಸ್ತ್ರಿ ಮೆಟ್ಟಿಲಿಂದ ತಿರುಗಿ ಅವರತ್ತ ನೋಡಿದ.

“ಮುಂಚೆ ಎರಡು ಕುರ್ಚಿ ಎಳೆದ ಸದ್ದು ಬರ್ತಿತ್ತು. ಡ್ಯೂಟಿಗೆ ಹೊರಡೋ ಹೊತ್ತಲ್ಲಿ ದಿನಾ ಕೇಳಿಸ್ತಿತ್ತು. ಈಗ ತಟ್ಟೆ ಸದ್ದು ಬರುತ್ತೆ, ಕುರ್ಚಿ ಸದ್ದು ಬರಲ್ಲ.”

ಅಷ್ಟು ಹೇಳಿ ಅವರು, ಈಗ ಎದ್ದಿತು, ಹೋಗಿ ಎಂದರು. ಅವನು ಹೋದ. ಬಾಗಿಲ ಮುಂದೆ ಅಂದು ಒಂದು ಗಳಿಗೆಗಿಂತ ಹೆಚ್ಚು ಹೊತ್ತು ನಿಲ್ಲಬೇಕಾಯಿತು. ತನ್ನ ಮನೆಯ ಸದ್ದುಗಳನ್ನು ಇಷ್ಟು ದಿನವೂ ಒಬ್ಬರು ಕೇಳಿಸಿಕೊಂಡಿದ್ದಾರೆ ಎಂಬುದು ಅವನಿಗೆ ನಾಚಿಕೆಯನ್ನೂ ತಂದಿತು, ಹೇಳಲಾಗದ ಒಂದು ನೆಮ್ಮದಿಯನ್ನೂ ತಂದಿತು.

ಧಣಿ ಕಲಿಯುತ್ತಿತ್ತು. ಮೇಸ್ತ್ರಿ ಬೀದಿಯ ತುದಿಯವರೆಗೆ ಹೋಗಿ ಬರುವಷ್ಟಾಯಿತು. ಆಮೇಲೆ ಅಂಗಡಿಗೆ ಹೋಗಿ ಬ್ರೆಡ್ಡು ತರುವಷ್ಟಾಯಿತು. ಆ ತಿಂಗಳ ಕೊನೆಗೆ ಓನರ್ ಬಂದಾಗ ನರ್ಸೇ ಮುಂದೆ ಬಂದು, ನಾನು ದೂರು ವಾಪಸ್ ತಗೊಂಡಿದ್ದೀನಿ ಎಂದು ಅವನನ್ನು ಸಾಗಹಾಕಿದರು. ಎಲ್ಲ ಒಂದು ದಡ ಮುಟ್ಟಿತು ಎನ್ನುವಾಗ ಅಣ್ಣ ಬಂದ.

ಹೇಳದೆ ಬಂದು ಖುಷಿಪಡಿಸುವುದು ಅಣ್ಣನ ಚಟ. ಮೆಟ್ಟಿಲ ಬುಡದಿಂದಲೇ, ಧಣೀ ಎಂದು ಕೂಗಿದ. ನಾಯಿ ಗೋಡೆಗೆ ಡಿಕ್ಕಿ ಹೊಡೆದುಕೊಂಡು, ಉಚ್ಚೆ ಹೊಯ್ದುಕೊಂಡು, ಕುಂಯ್‌ಗುಡುತ್ತ ಅವನ ಮೈಮೇಲೆ ಬಿತ್ತು. ಇಬ್ಬರೂ ನೆಲದ ಮೇಲೆ ಹೊರಳಾಡಿದರು. ಅಣ್ಣ ದಿನವಿಡೀ ಇದ್ದ. ಹೆಂಡತಿಯ ಕತೆ, ಹೊಸ ಮನೆಯ ನಲ್ಲಿಯ ಕತೆ, ಅಲ್ಲಿನ ಗಿರಾಕಿಗಳ ಕತೆ ಎಲ್ಲ ಹೇಳಿದ. ಮೇಸ್ತ್ರಿ ಹೂಂಗುಟ್ಟಿದ. ಎಷ್ಟು ದಿನವಾಗಿತ್ತು ಹೀಗೆ ಹೂಂಗುಟ್ಟಿ. ಮನೆಯ ಗೋಡೆಗಳಿಗೇ ಕಿವಿ ಬಂದಂತಾಗಿತ್ತು. ಸಂಜೆ ಅಣ್ಣ ಮತ್ತೆ ನಾಯಿಯನ್ನು ತಬ್ಬಿಕೊಂಡು, ಮತ್ತೆ ಅತ್ತು, ಮೆಟ್ಟಿಲ ಅರ್ಧದಿಂದ ಮತ್ತೆ ತಿರುಗಿ ಬಂದು, ಕೊನೆಗೆ ಹೋದ.

ಮರುದಿನ ಧಣಿ ಚಾಪೆಯ ಮೇಲೆ ಕಾಲಿಡಲಿಲ್ಲ. ಮೇಸ್ತ್ರಿ ಶೂ ಮುಟ್ಟಿದರೆ ಸಾಕು, ನಡುಗತೊಡಗಿತು. ಬಾಗಿಲಾಚೆ ಒಂದು ಉಸಿರಿನಷ್ಟು ಹೊತ್ತು ನಿಲ್ಲುವುದಕ್ಕೂ ಬಿಡಲಿಲ್ಲ. ಕಟ್ಟಿದ್ದೆಲ್ಲ ನೀರುಪಾಲಾಗಿತ್ತು. ಅವನು ಮೈದಾನಕ್ಕೆ ಹೋಗಿ ಹೇಳಿದಾಗ ಮೇಡಂ ಬೇಸರಪಡಲಿಲ್ಲ. ಮೊದಲಿಂದ ಶುರುಮಾಡಿ ಎಂದರು. ಅಣ್ಣ ಬರುವುದು ತಪ್ಪಲ್ಲ, ಆದರೆ ನಾಯಿ ಗಟ್ಟಿಯಾಗುವವರೆಗೆ ಸ್ವಲ್ಪ ಕಾಲ ಬರದಿದ್ದರೆ ಒಳ್ಳೆಯದು, ಬಂದರೂ ಸುಮ್ಮನೆ ಬಂದು ಸುಮ್ಮನೆ ಹೋಗಬೇಕು ಎಂದರು.

ಅಣ್ಣನಿಗೆ ಸುಮ್ಮನೆ ಬರುವುದು ಗೊತ್ತಿರಲಿಲ್ಲ. ಮೇಸ್ತ್ರಿ ಆ ಸಂಜೆ ಫೋನ್ ಮಾಡಿದ.

“ಅಣ್ಣಾ, ಸ್ವಲ್ಪ ದಿನ ನೀನು ಬರ್ಬೇಡ” ಎಂದ. “ಫೋನಲ್ಲಿ ಅವನಿಗೆ ನಿನ್ನ ದನಿ ಕೇಳಿಸೋದೂ ಬೇಡ.”

“ನಾಯಿಗೋಸ್ಕರಾನಾ?”

“ಹೂಂ. ನಾಯಿಗೋಸ್ಕರ.”

“ಆಯ್ತು ಬಿಡು” ಎಂದ ಅಣ್ಣ. ಒಂದು ಮಾತನ್ನು ಮಾರುದ್ದ ಎಳೆಯುವವನು, ಅಷ್ಟಕ್ಕೇ ಫೋನ್ ಇಟ್ಟ.

ಹೇಳಿದರೆ ಹೇಳಿದ್ದೇ. ಅಣ್ಣ ಬರಲಿಲ್ಲ, ಫೋನೂ ಮಾಡಲಿಲ್ಲ. ಮೇಸ್ತ್ರಿ ಮತ್ತೆ ಶೂ ಹಾಕಿ ಕೂತ, ಮತ್ತೆ ಬೀಗದ ಕೈ ಎತ್ತಿ ಇಟ್ಟ, ಮತ್ತೆ ಮೆಟ್ಟಿಲಲ್ಲಿ ಕೂತ. ಈ ಸಲ ಧಣಿ ನಿಧಾನವಾಗಿ ಕಲಿಯಿತು, ಆದರೆ ಕಲಿತದ್ದು ಗಟ್ಟಿಯಾಗಿ ನಿಂತಿತು. ಬಟ್ಟಲು ನೆಲಕ್ಕಿಟ್ಟರೂ ‘ತಿನ್ನು’ ಎನ್ನುವವರೆಗೆ ಕಾಯುವುದು, ಬೀದಿಯಲ್ಲಿ ಹಗ್ಗ ಎಳೆಯದೆ ಪಕ್ಕದಲ್ಲೇ ನಡೆಯುವುದು, ಬಂದವರ ಮೇಲೆ ನೆಗೆಯದೆ ಕೂತು ಬಾಲ ಆಡಿಸುವುದು, ಒಂದೊಂದಾಗಿ ಎಲ್ಲ ಬಂತು. ಮಳೆ ಹೋಗಿ ಚಳಿ ಬಂತು. ಒಂದು ದಿನ ಅವನು ಬೆಳಿಗ್ಗೆ ಹೋಗಿ, ಆ ಧೂಳಿನ ಕೋಣೆಯಲ್ಲಿ ಇಡೀ ದಿನ ಕೆಲಸ ಮಾಡಿ ಸಂಜೆ ಮರಳಿದ. ಕೆಳಮನೆಯಲ್ಲಿ ನರ್ಸ್ ಆಳವಾಗಿ ನಿದ್ದೆ ಮಾಡುತ್ತಿದ್ದರು. ಅವರಿಗೆ ಇದನ್ನು ಹೇಳಬೇಕೆಂದು ಅವನು ಬಾಗಿಲವರೆಗೆ ಹೋದ. ನಿದ್ದೆ ಕೆಡಿಸಬಾರದೆಂದು ಹಿಂತಿರುಗಿದ.

ಅಲ್ಲಿಗೆ ಮೆಟ್ಟಿಲಲ್ಲಿ ಕೂರುವ ಕೆಲಸವೂ ಮುಗಿಯಿತು. ಬೇಕೆಂದೇ ಹೋಗಿ ಕೂರಲು ಅವನಿಗೆ ನೆಪವಿರಲಿಲ್ಲ. ಮುಂದೆ ನರ್ಸಿಗೆ ಹಗಲು ಪಾಳಿ ಸಿಕ್ಕಿತು. ಅವರು ಹೊರಡುವಾಗ ಅವನು ನಾಯಿ ಸುತ್ತಾಡಿಸಲು ಹೋಗಿರುತ್ತಿದ್ದ, ಅವರು ಬರುವಾಗ ಅವನು ಮೇಲೆ ಇರುತ್ತಿದ್ದ. ಯಾವಾಗಲಾದರೂ ಗೇಟಿನಲ್ಲಿ ಸಿಕ್ಕರೆ ಹೇಗಿದ್ದಾನೆ ಎನ್ನುತ್ತಿದ್ದರು. ಚೆನ್ನಾಗಿದ್ದಾನೆ ಸಿಸ್ಟರ್ ಎನ್ನುತ್ತಿದ್ದ. ಅಷ್ಟೇ. ಮನೆಯಲ್ಲಿ ಈಗ ಊಳಿಲ್ಲ, ಮಾತಿಲ್ಲ, ಮೆಟ್ಟಿಲ ಮೇಲಿನ ಪಿಸುಗುಟ್ಟುವಿಕೆ ಇಲ್ಲ. ನಾಯಿ ಚಾಪೆಯ ಮೇಲೆ ಮಲಗಿರುತ್ತಿತ್ತು, ಅವನು ಮಂಚದ ಮೇಲೆ. ಒಳ್ಳೆಯ ನಡತೆಯ ಇಬ್ಬರು ಬಾಡಿಗೆದಾರರ ಹಾಗೆ.

ಒಂದು ಭಾನುವಾರ ಮೇಸ್ತ್ರಿ, ತಾನೇ ಏಕೆ ಹೋಗಬಾರದು ಎಂದುಕೊಂಡ. ಇಷ್ಟು ದಿನ ಇದು ಹೊಳೆಯಲಿಲ್ಲವಲ್ಲ ಎಂದು ತನಗೆ ತಾನೇ ಆಶ್ಚರ್ಯಪಟ್ಟ. ಧಣಿಯನ್ನು ಸುತ್ತಾಡಿಸಿ, ಜಗಿಯಲು ಒಂದು ಎಲುಬು ಕೊಟ್ಟು, ಹಿಂತಿರುಗಿ ನೋಡದೆ ಬೀಗ ಹಾಕಿ ಬಸ್ಸು ಹತ್ತಿದ. ನಾಯಿಯ ಕೂದಲು ಇರಬಾರದೆಂದು ಆಗಷ್ಟೇ ಕಪಾಟಿನಿಂದ ತೆಗೆದ ಬಟ್ಟೆ ತೊಟ್ಟಿದ್ದ.

ಬಾಗಿಲು ತೆರೆದದ್ದು ಅತ್ತಿಗೆ. ಅವರ ಮುಖ ಅರಳಿದ ರೀತಿ ನೋಡಿ ಅವನಿಗೆ ಅರ್ಧ ಸಂಕೋಚ ಹೋಯಿತು. ಅಣ್ಣ ಹಿತ್ತಲಿನಲ್ಲಿ ಒಂದು ಫ್ಯಾನಿನ ಹೊಟ್ಟೆ ಬಗೆದುಕೊಂಡು ಕೂತಿದ್ದ. ತಮ್ಮನನ್ನು ನೋಡಿ ಎದ್ದ, ಎರಡು ಹೆಜ್ಜೆ ಮುಂದೆ ಬಂದ, ನಿಂತ. ಕೈ ಒರೆಸಿಕೊಂಡು, ಬಾ, ಕೂತ್ಕೋ ಎಂದ. ಊಟ ಆಯಿತು. ಮಾತೆಲ್ಲ ಅತ್ತಿಗೆಯದೇ. ಅಣ್ಣ ಹೂಂಗುಟ್ಟುತ್ತಿದ್ದ. ಅದನ್ನು ಕೇಳಿ ಮೇಸ್ತ್ರಿ ತಟ್ಟೆಯಿಂದ ತಲೆಯೆತ್ತಿ ಅಣ್ಣನನ್ನು ನೋಡಿದ. ಅತ್ತಿಗೆ ಪಾತ್ರೆ ಎತ್ತಿಕೊಂಡು ಒಳಗೆ ಹೋದ ಮೇಲೆ ಅಣ್ಣ ಸ್ಕ್ರೂಡ್ರೈವರ್ ತಿರುಗಿಸುತ್ತ ಹೇಳಿದ:

“ಅವತ್ತು ಫೋನ್ ಇಟ್ಟ ಮೇಲೆ ಯೋಚನೆ ಮಾಡ್ದೆ ಕಣೋ. ನಾಯಿಗೆ ಬೇಡ ಅಂದೆ ನೀನು. ನಿನಗೂ ಬೇಡವೇನೋ ಅನ್ನಿಸ್ತು.”

ಹೂಂ ಎಂದೂ ಹೇಳುವಂತಿರಲಿಲ್ಲ, ಊಹೂಂ ಎಂದೂ ಹೇಳುವಂತಿರಲಿಲ್ಲ. ಜೀವಮಾನವೆಲ್ಲ ಆ ಎರಡರಲ್ಲೇ ಕಳೆದವನಿಗೆ ಬೇರೆ ಮಾತು ಹುಡುಕಬೇಕಾಯಿತು.

“ಬೇಡ ಅಂತಲ್ಲ ಅಣ್ಣಾ. ನೀನು ಬಂದು ಹೋದ್ಮೇಲೆ ಮನೆ ಮತ್ತೆ ಮೊದಲಿಂದ ಖಾಲಿ ಆಗುತ್ತೆ. ಧಣಿ ಊಳಿಡ್ತಾನೆ, ನಾನು ಊಳಿಡಲ್ಲ. ಅಷ್ಟೇ ವ್ಯತ್ಯಾಸ.”

ಅಣ್ಣನ ಕೈ ನಿಂತಿತು. ತಲೆಯೆತ್ತಿ ನೋಡಿದ. ಫ್ಯಾನಿನ ರೆಕ್ಕೆಯನ್ನು ಬೆರಳಿಂದ ಸುಮ್ಮನೆ ಒಂದು ಸುತ್ತು ತಿರುಗಿಸಿದ. ಆಮೇಲೆ ಅವರಿಬ್ಬರೂ ಫ್ಯಾನಿನ ಬಗ್ಗೆ ಮಾತಾಡಿದರು. ಬೇರಿಂಗ್ ಹೋಗಿತ್ತು. ಹೊಸದು ಸಿಗುವುದಿಲ್ಲ, ಹಳೆಯದನ್ನೇ ಎಣ್ಣೆ ಹಾಕಿ ನಡೆಸಬೇಕು ಎಂದ ಅಣ್ಣ.

ಹೊರಡುವ ಹೊತ್ತಾಯಿತು. ಅಣ್ಣ ಈಗ ತಬ್ಬಿಕೊಳ್ಳುತ್ತಾನೆ, ಅಳುತ್ತಾನೆ, ಬಸ್ ನಿಲ್ದಾಣದವರೆಗೂ ಬಂದು ಕಿಟಕಿಯಲ್ಲಿ ಕೈ ಹಾಕಿ ಮಾತಾಡುತ್ತಾನೆ ಎಂದು ಮೇಸ್ತ್ರಿ ಎದೆ ಗಟ್ಟಿಮಾಡಿಕೊಂಡಿದ್ದ. ಅಣ್ಣ ಹೊಸ್ತಿಲಲ್ಲೇ ನಿಂತು, ಹೋಗ್ಬಾ ಎಂದು, ತಿರುಗಿ ಒಳಗೆ ಹೋಗಿಬಿಟ್ಟ. ಗೇಟಿನವರೆಗೆ ಬಂದದ್ದು ಅತ್ತಿಗೆ ಒಬ್ಬರೇ.

“ಬಾಗಿಲ ಹಿಂದೇನೇ ನಿಂತಿದ್ದಾರೆ” ಎಂದು ಅವರು ದನಿ ತಗ್ಗಿಸಿ ಹೇಳಿದರು. “ಕಳಿಸಿಕೊಡೋದನ್ನ ದೊಡ್ಡದು ಮಾಡಿದ್ರೆ ನಿಮಗೇ ಕಷ್ಟ ಆಗುತ್ತಂತೆ. ಬೇಜಾರು ಮಾಡ್ಕೋಬೇಡಿ.”

ಮೇಸ್ತ್ರಿ ಗೇಟಿನ ಮೇಲೆ ಕೈಯಿಟ್ಟು ನಿಂತ. ಒಳಗೆ ಹೋಗಿ ಬಾಗಿಲ ಹಿಂದಿನವನನ್ನು ಎಳೆದು ತರಬೇಕೆನ್ನಿಸಿತು. ಆದರೆ ಅಷ್ಟು ದೊಡ್ಡ ಮನುಷ್ಯ ಅಷ್ಟು ಕಷ್ಟಪಟ್ಟು ನಿಂತಿರುವಾಗ ಅದನ್ನು ಕೆಡಿಸುವುದು ಸರಿಯೆನ್ನಿಸಲಿಲ್ಲ. ಮುಂದಿನ ಭಾನುವಾರವೂ ಬರುತ್ತೇನೆ ಎಂದು ಅತ್ತಿಗೆಗೆ ಹೇಳಿದ, ಬಾಗಿಲ ಹಿಂದೆ ಕೇಳಿಸುವಷ್ಟು ಜೋರಾಗಿ. ಆಮೇಲೆ ನಡೆದುಹೋದ. ಬಸ್ಸಿನಲ್ಲಿ ಇಡೀ ದಾರಿ ಅವನಿಗೆ ಅನಿಸುತ್ತಿದ್ದದ್ದು ಒಂದೇ: ಅಳಬಹುದಿತ್ತು ಅವನು, ನನ್ನ ಮುಂದೆ ಒಂದು ಸಲ ಅಳಬಹುದಿತ್ತು.

ಮನೆ ತಲುಪಿದಾಗ ಇನ್ನೂ ಬೆಳಕಿತ್ತು. ಬಾಗಿಲು ತೆರೆದಾಗ ಧಣಿ ನಿದ್ದೆಯಲ್ಲಿತ್ತು. ಕಣ್ಣು ಬಿಟ್ಟು ಅವನನ್ನು ನೋಡಿ, ಬಾಲದಿಂದ ಚಾಪೆಯನ್ನು ಮೆಲ್ಲಗೆ ತಟ್ಟಿತು. ಎದ್ದು ಓಡಿಬರಲಿಲ್ಲ. ಅವನೂ ಏನೂ ಹೇಳದೆ ಕೈಕಾಲು ತೊಳೆದು, ನೀರು ಕುಡಿದು, ಆಮೇಲಷ್ಟೇ ಹೋಗಿ ಅದರ ತಲೆ ಸವರಿದ. ಎಲ್ಲವೂ ಹೇಗೆ ಇರಬೇಕೋ ಹಾಗೆಯೇ ಇತ್ತು.

ಸಂಜೆಯ ಸುತ್ತಾಟಕ್ಕೆ ಕರೆದುಕೊಂಡು ಹೋದ. ಹಗ್ಗ ಸಡಿಲವಾಗಿ ತೂಗುತ್ತಿತ್ತು. ರಸ್ತೆ ದಾಟುವ ಕಡೆ ಧಣಿ ತಾನಾಗಿ ಕೂತು ಅವನು ಹೆಜ್ಜೆ ಇಡುವುದನ್ನು ಕಾದಿತು. ಅಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದ ಒಬ್ಬ ವಯಸ್ಸಾದ ಹೆಂಗಸು, ತಮ್ಮ ಮನೆಯ ಮರಿ ಹೊಸ ಪರದೆಗಳನ್ನೆಲ್ಲ ಹರಿದು ಹಾಕಿದೆ ಎಂದು ದೂರಿ, ಎಷ್ಟು ಒಳ್ಳೆಯ ನಾಯಿ ನಿಮ್ಮದು, ಯಾರು ಕಲಿಸಿದ್ದು ಎಂದು ಕೇಳಿದರು. ಮಾತಾಡುವಾಗ ಅವರ ಮೇಲಿನ ಸಾಲಿನ ಕಟ್ಟುಹಲ್ಲುಗಳು ಸಣ್ಣಗೆ ಸದ್ದು ಮಾಡಿದವು.

ಮೇಸ್ತ್ರಿ ಮೇಡಂ ಹೆಸರು ಹೇಳಿದ, ಅವರು ಯಾವ ಮೈದಾನದಲ್ಲಿ ಸಿಗುತ್ತಾರೆಂದು ಹೇಳಿದ. ಮರಿಯನ್ನು ಹೊಡೆಯಬೇಡಿ ಎಂದ. ಚಿಕ್ಕದಿರುವಾಗಲೇ ದಿನಾ ಸ್ವಲ್ಪ ಸ್ವಲ್ಪ ಹೊತ್ತು ಒಂಟಿಯಾಗಿ ಇರುವುದನ್ನು ರೂಢಿ ಮಾಡಿಸಿ, ಆಮೇಲೆ ಕಷ್ಟವಾಗುವುದಿಲ್ಲ ಎಂದ. ಅವನು ಒಂದೇ ಸಲಕ್ಕೆ ಅಷ್ಟು ಮಾತಾಡಿ ಎಷ್ಟೋ ಕಾಲವಾಗಿತ್ತು. ಆಕೆಗೆ ಇನ್ನೂ ಏನೋ ಕೇಳುವುದಿತ್ತು, ಅಷ್ಟರಲ್ಲಿ ಅವರ ಬಸ್ಸು ಬಂತು.

ಅವನು ಬಸ್ಸು ಹೋಗುವವರೆಗೆ ನಿಂತಿದ್ದ. ಆಮೇಲೆ ಧಣಿಗೆ, ಬಾ ಎಂದ. ಒಂದೇ ಸಲ ಹೇಳಿದ. ಅದು ಎದ್ದು ಬಂತು.